ಖಾಲಿ ಲಾರಿಯ ತೂಕ

ನನ್ನ ಭಾವ ಇಡೀ ಜೀವಮಾನದಲ್ಲಿ ಒಂದೇ ಒಂದು ಸಲ ಷೇರು ಮಾರುಕಟ್ಟೆಯಲ್ಲಿ ಗೆದ್ದರು. ಆ ಗೆಲುವಿನ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತೆತ್ತುವುದಿಲ್ಲ. ಸೋತ ಕಥೆಯನ್ನಾದರೆ ಅವರೇ ಬಂದವರಿಗೆಲ್ಲ ಟೀ ಕೊಟ್ಟು, ಕೂರಿಸಿಕೊಂಡು, ನಗುನಗುತ್ತಾ ಹೇಳುತ್ತಾರೆ. ಗೆದ್ದ ಕಥೆಗೆ ಬಂದರೆ ಮಾತ್ರ ‘ಬಟ್ಟೆ ಒಣಗಿತೇನೋ ನೋಡ್ತೀನಿ’ ಎಂದು ಎದ್ದು ಹಿತ್ತಲಿಗೆ ಹೋಗುತ್ತಾರೆ. ಹಾಗಾಗಿ ಅದನ್ನು ನಾನೇ ಹೇಳಬೇಕು. ನಾನು ಅವರ ಹೆಂಡತಿಯ ತಂಗಿ. ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ನಿಂತು ಕಾಲು ಸವೆಸಿಕೊಂಡವಳು. ಅದಕ್ಕೇ ಭಾವ ನನಗೆ ‘ಗುಳಿಗೆ’ ಎಂದು ಹೆಸರಿಟ್ಟಿದ್ದಾರೆ. ‘ಕಹಿ, ಆದ್ರೆ ಕೆಲಸ ಮಾಡತ್ತೆ’ ಎಂದು ಅದಕ್ಕೊಂದು ವಿವರಣೆಯೂ ಉಂಟು.

ಭಾವನ ಕೆಲಸ ಕಲ್ಲಿದ್ದಲು ಯಾರ್ಡಿನ ವೇಬ್ರಿಡ್ಜಿನಲ್ಲಿ. ಗೇಟಿನ ಒಳಗೆ ನೆಲಮಟ್ಟಕ್ಕೆ ಹಾಸಿದ ದೊಡ್ಡ ಕಬ್ಬಿಣದ ಹಲಗೆ. ಅದರ ಮೇಲೆ ಲಾರಿ ಬಂದು ನಿಂತರೆ ಪಕ್ಕದ ಕ್ಯಾಬಿನ್ನಿನಲ್ಲಿ ಕೆಂಪು ಅಂಕಿಗಳು ಓಡಿ ಓಡಿ ಒಂದು ಕಡೆ ನಿಲ್ಲುತ್ತವೆ. ಒಳಗೆ ಹೋಗುವಾಗ ಖಾಲಿ ಲಾರಿಯನ್ನು ತೂಗಬೇಕು, ಹೊರಗೆ ಬರುವಾಗ ತುಂಬಿದ್ದನ್ನು ತೂಗಬೇಕು, ಅದರಿಂದ ಇದನ್ನು ಕಳೆಯಬೇಕು. ಉಳಿದದ್ದು ಕಲ್ಲಿದ್ದಲು, ಅಷ್ಟಕ್ಕೆ ದುಡ್ಡು. ಕೇಳುವುದಕ್ಕೆ ಎರಡನೇ ಕ್ಲಾಸಿನ ಲೆಕ್ಕ. ಆದರೆ ಡ್ರೈವರುಗಳು ಎರಡನೇ ಕ್ಲಾಸಿನವರಲ್ಲವಲ್ಲ. ಖಾಲಿ ಲಾರಿ ಭಾರವಾಗಿ ತೂಗಿದಷ್ಟೂ ಅವರಿಗೆ ಕಲ್ಲಿದ್ದಲು ಪುಕ್ಕಟೆ. ಒಳಗೆ ಹೋಗಿ ಚೆಲ್ಲಲೆಂದೇ ನೀರಿನ ಡ್ರಮ್ಮು ತುಂಬಿಸಿಕೊಂಡು ಬರುವವರು, ಎರಡೆರಡು ಸ್ಟೆಪ್ನಿ ಹೇರಿಕೊಂಡು ಬರುವವರು. ಒಬ್ಬನಂತೂ ಹೆಂಡತಿ ಕಡೆಯ ದಢೂತಿ ಮಾವನನ್ನು ಸೀಟಿನ ಹಿಂದೆ ಮಲಗಿಸಿಕೊಂಡು ಬಂದಿದ್ದನಂತೆ. ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಮಾವನ್ನ ಇಳಿಸಪ್ಪ, ಇಲ್ಲಾಂದ್ರೆ ವಾಪಸ್ಸು ಬರುವಾಗ್ಲೂ ಅವರನ್ನ ಮಲಗಿಸ್ಕೊಂಡೇ ಬಾ’ ಎಂದರಂತೆ. 

‘ತುಂಬಿದ ಲಾರಿಯನ್ನ ಯಾರು ಬೇಕಾದ್ರೂ ತೂಗ್ತಾರೆ ಗುಳಿಗೆ. ಖಾಲಿ ಲಾರಿ ತೂಗೋದ್ರಲ್ಲಿರೋದು ಕಸುಬು’ ಎಂದು ನನಗೆ ಎಷ್ಟೋ ಸಲ ಹೇಳಿದ್ದರು. ಯಾರ್ಡಿನವರು ಅವರನ್ನು ‘ತಕ್ಕಡಿ’ ಎಂದೇ ಕರೆಯುತ್ತಿದ್ದರು. ಆ ಹೆಸರಿನ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆ.

ಅಕ್ಕ-ಭಾವ ಇದ್ದ ಬಾಡಿಗೆ ಮನೆ ಯಾರ್ಡಿನ ಕಾಂಪೌಂಡಿಗೆ ಬೆನ್ನು ಹಾಕಿಕೊಂಡಿತ್ತು. ಬೆಳಿಗ್ಗೆ ಎದ್ದರೆ ಕಿಟಕಿಯ ಅಂಚಿನಲ್ಲಿ ಬೆರಳಿಂದ ಹೆಸರು ಬರೆಯುವಷ್ಟು ಕಪ್ಪು ದೂಳು. ಅಕ್ಕ ಹಳೇ ಸೀರೆ ಹರಿದು ಕಿಟಕಿಯ ಸಂದುಗಳಿಗೆಲ್ಲ ತುರುಕಿದ್ದಳು. ನೆಲವನ್ನು ಗುಡಿಸುತ್ತಿರಲಿಲ್ಲ, ಗುಡಿಸಿದರೆ ಎದ್ದು ಮತ್ತೆ ಕೂರುತ್ತದೆಂದು ಒದ್ದೆ ಬಟ್ಟೆಯಲ್ಲೇ ಒರೆಸುತ್ತಿದ್ದಳು. ಬಟ್ಟೆ ಒಣಹಾಕುವುದು ಒಳಗಿನ ಓಣಿಯಂಥ ನಡುಮನೆಯಲ್ಲಿ. ಆ ಮನೆಗೆ ಹೋದರೆ ಒದ್ದೆ ಲಂಗ, ಟವೆಲುಗಳನ್ನು ಮುಖದಿಂದ ಸರಿಸಿಕೊಂಡೇ ಅಡುಗೆಮನೆ ಸೇರಬೇಕು. ಅಕ್ಕನಿಗೆ ಚಿಕ್ಕಂದಿನಿಂದ ಎದೆ ಸ್ವಲ್ಪ ಸೂಕ್ಷ್ಮ. ಮದುವೆಯಾಗಿ ಆ ಮನೆಗೆ ಹೋದಮೇಲೆ ಕೆಮ್ಮು ಅವಳ ಜೊತೆಗೇ ಸಂಸಾರ ಹೂಡಿತು.

ಅವಳಿಗಿದ್ದದ್ದು ಒಂದೇ ಆಸೆ. ಗುಡ್ಡದ ಆಚೆ ಮಗ್ಗುಲಲ್ಲಿ, ಗಾಳಿ ಬೇರೆ ದಿಕ್ಕಿನಿಂದ ಬೀಸುವ ಕಡೆ, ಒಬ್ಬ ನಿವೃತ್ತ ಮೇಷ್ಟರ ಪುಟ್ಟ ಮನೆಯಿತ್ತು. ಎರಡು ಕೋಣೆ, ಮುಂದೆ ಜಗಲಿ, ಹಿಂದೆ ಹಿತ್ತಲು, ಹಿತ್ತಲಲ್ಲಿ ಎರಡು ಕಲ್ಲುಕಂಬಗಳ ನಡುವೆ ಕಟ್ಟಿದ ತಂತಿ. ಮೇಷ್ಟರು ಅದನ್ನು ಮಾರಿ ಮಗಳ ಮನೆಗೆ ಹೋಗುವವರಿದ್ದರು. ಅಕ್ಕ ಮನೆ ನೋಡಲು ಹೋದವಳು ಕೋಣೆ ನೋಡಲಿಲ್ಲ, ಒಲೆ ನೋಡಲಿಲ್ಲ. ಸೀದಾ ಹಿತ್ತಲಿಗೆ ಹೋಗಿ ಆ ತಂತಿಯ ಮೇಲೆ ಬೆರಳಾಡಿಸಿ, ಬೆರಳನ್ನು ನೋಡಿಕೊಂಡಳು. ಬೆರಳು ಬೆರಳಿನ ಬಣ್ಣದಲ್ಲೇ ಇತ್ತು. ‘ಬಿಳೀ ಹಾಸಿಗೆ ಬಟ್ಟೆ ಇಲ್ಲಿ ಒಣಹಾಕ್ಬೋದು ಕಣೇ’ ಎಂದಳು. ಮನೆ ಕೊಳ್ಳುವುದಕ್ಕೆ ಅಷ್ಟೇ ಕಾರಣ ಸಾಕಾಗಿತ್ತು ಅವಳಿಗೆ.

ಮುಂಗಡ ಕೊಡಬೇಕು ಎನ್ನುವ ಹೊತ್ತಿಗೆ ಕಲ್ಲಿದ್ದಲಿನ ಬೆಲೆ ಏರಲು ಶುರುವಾಯಿತು.

ಅದು ಎಂಥ ಏರಿಕೆ ಎಂದರೆ, ಮಾಲು ತುಂಬಲು ಕಾದ ಲಾರಿಗಳ ಸಾಲು ಯಾರ್ಡಿನ ಗೇಟಿನಿಂದ ಕ್ಯಾಂಟೀನು ದಾಟಿ, ಸೈಕಲ್ ಅಂಗಡಿ ದಾಟಿ, ಕ್ಷೌರಿಕನ ಅಂಗಡಿಯ ತಿರುವಿನವರೆಗೂ ಬಂದು ನಿಲ್ಲುತ್ತಿತ್ತು. ಭಾವನಿಗೆ ಮೈಮೇಲೆ ದೇವರು ಬಂದ ಹಾಗಾಯಿತು. ಬ್ಯಾಂಕಿನ ಮಹಡಿಯಲ್ಲಿ ಷೇರು ದಲ್ಲಾಳಿಯೊಬ್ಬನಿದ್ದ. ಯಾವ ಕಾಗದ ತೋರಿಸಿದರೂ ‘ಏರುಮುಖ ಸಾರ್, ಏರುಮುಖ’ ಎನ್ನುತ್ತಿದ್ದನಾದ್ದರಿಂದ ಊರಿನವರು ಅವನಿಗೆ ‘ಏರುಮುಖ’ ಎಂದೇ ಹೆಸರಿಟ್ಟಿದ್ದರು. ಕ್ಷೌರಿಕ, ಕ್ಯಾಂಟೀನಿನವನು, ಲಾರಿ ಮಾಲೀಕರು ಎಲ್ಲರೂ ಅವನ ಮೆಟ್ಟಿಲು ಹತ್ತಿ ಗಣಿ ಕಂಪನಿಯ ಷೇರು ಕೊಂಡರು. ಭಾವ ಮನೆ ಕೊಳ್ಳಲೆಂದು ಕೂಡಿಟ್ಟ ದುಡ್ಡನ್ನೇ ತೆಗೆದುಕೊಂಡು ಹೋದರು.

‘ಪೇಪರಿನವರು ಆಮೇಲೆ ಬರೀತಾರೆ, ನಾನು ಇವತ್ತೇ ಕಿಟಕೀಲಿ ನೋಡ್ತಿದೀನಿ’ ಎಂದರು ನನಗೆ. ‘ಸಾಲು ಎಷ್ಟುದ್ದ ಇದೆ ನೋಡು. ಮಾಲು ಹೋಗ್ತಿದೆ ಅಂತ ಇದಕ್ಕಿಂತ ಸಾಕ್ಷಿ ಬೇಕಾ? ಒಂದು ವರ್ಷ, ಅಷ್ಟೇ. ಎರಡು ಕೋಣೆ ಮನೆ ಬದಲು ಮೂರು ಕೋಣೆ ಮನೆ.’

‘ಅಕ್ಕನಿಗೆ ಕೋಣೆ ಬೇಡ ಭಾವ, ತಂತಿ ಬೇಕು’ ಎಂದೆ.

‘ತಂತೀನೂ ಮೂರು ಕಟ್ಟಿಸ್ತೀನಿ ಬಿಡೇ.’

ಯಾರ್ಡಿನವರೇ ಮಾಡಬಹುದಾದ ತಪ್ಪು ಅದು. ಹೊರಗಿನವನಾಗಿದ್ದರೆ ಹೆದರುತ್ತಿದ್ದ, ನಾಲ್ಕು ಜನರನ್ನು ಕೇಳುತ್ತಿದ್ದ. ಇವರಿಗೆ ಸಾಲು ಕಣ್ಣೆದುರಿಗಿತ್ತಲ್ಲ, ಯಾರನ್ನು ಕೇಳುವುದು? ಸಾಲು ಅಷ್ಟುದ್ದ ಬೆಳೆದಿದೆ ಎಂದರೆ ಇನ್ನು ಬೆಳೆಯುವುದಕ್ಕೆ ಜಾಗವಿಲ್ಲ ಎಂದು ಅವರಿಗೆ ಹೊಳೆಯಲಿಲ್ಲ. ಆ ಬೆಲೆ ನೋಡಿ ಎಲ್ಲೆಲ್ಲೋ ಯಾರು ಯಾರೋ ಹೊಸ ಗಣಿ ತೋಡಲು ಹೊರಟಿದ್ದರು. ಆ ಗಣಿಗಳ ಕಲ್ಲಿದ್ದಲೆಲ್ಲ ಒಟ್ಟೊಟ್ಟಿಗೇ ಹೊರಬಂತು. ಮೊದಲು ಯಾರ್ಡಿನ ರಾಶಿಗಳು ಕಾಂಪೌಂಡಿಗಿಂತ ಎತ್ತರ ಬೆಳೆದವು. ಭಾವ ಅದನ್ನೂ ಶುಭ ಅಂದುಕೊಂಡು, ‘ನೋಡಿದ್ಯಾ, ಮನೆಯೆಷ್ಟೆತ್ತರ!’ ಎಂದು ತೋರಿಸಿದರು. ಮಾಲು ಹೋಗದೆ ಬಿದ್ದಿದೆ ಎಂದು ಅರ್ಥವಾಗುವ ಹೊತ್ತಿಗೆ ಸಾಲು ಸೈಕಲ್ ಅಂಗಡಿಗೆ, ಕ್ಯಾಂಟೀನಿಗೆ, ಕೊನೆಗೆ ಗೇಟಿಗೇ ಸರಿದಿತ್ತು. ವೇಬ್ರಿಡ್ಜಿನ ಸಂದಿನಲ್ಲಿ ಹುಲ್ಲು ಮೊಳೆತದ್ದನ್ನು ನೋಡಿ ಭಾವ ಹೋಗಿ, ಕೊಂಡ ಬೆಲೆಯ ಮೂರರಲ್ಲೊಂದು ಭಾಗಕ್ಕೆ ಎಲ್ಲ ಮಾರಿ ಬಂದರು. ಏರುಮುಖ ಅಷ್ಟರಲ್ಲಿ ಬೋರ್ಡು ಕಿತ್ತುಕೊಂಡು ಹೋಗಿ ಬೇರೆ ಊರಲ್ಲಿ ನಿವೇಶನ ಮಾರುತ್ತಿದ್ದ.

ಹಗಲು ಕಂಡ ಬಾವಿಗೆ ಇರುಳು ಬೀಳುವುದು ಅಂದರೆ ಇದು. ಆದರೂ ಈ ಸೋಲಿನ ಬಗ್ಗೆ ನನಗೇನೂ ಅಂಥ ಸಿಟ್ಟಿಲ್ಲ. ಊರಿಗೆ ಊರೇ ಬಿದ್ದ ಬಾವಿ ಅದು. ಭಾವ ಒಬ್ಬರೇ ದಡದಲ್ಲಿ ನಿಲ್ಲಬೇಕಿತ್ತು ಎಂದು ಹೇಗೆ ಹೇಳಲಿ? ದುಡ್ಡು ಹೋಯಿತು, ಮನೆ ತಪ್ಪಿತು, ಮೂರು ದಿನ ಮುಖ ಗಂಟಿಕ್ಕಿಕೊಂಡು ಓಡಾಡಿದರು, ಮತ್ತೆ ಸರಿಹೋದರು.

ತಮಾಷೆ ನೋಡಿ, ಆ ಕೆಟ್ಟ ಕಾಲವೇ ಅಕ್ಕನ ಪಾಲಿಗೆ ಒಳ್ಳೆಯ ಕಾಲ. ಯಾರ್ಡು ಮಲಗಿತು, ದೂಳು ಮಲಗಿತು. ಅವಳು ಕಿಟಕಿಯ ಸಂದಿಗೆ ತುರುಕಿದ್ದ ಬಟ್ಟೆಗಳನ್ನು ಒಂದೊಂದಾಗಿ ಎಳೆದು ತೆಗೆದಳು. ನಡುಮನೆಯ ಹಗ್ಗ ಬಿಚ್ಚಿ ಹೊರಗೆ ಕಟ್ಟಿದಳು. ಕೆಮ್ಮು ಹೋಗಿ, ಹಳೇ ಹಾಡು ಗುನುಗುವಷ್ಟು ಉಸಿರು ಬಂತು. ನಮ್ಮ ಅಂಗಡಿಯಲ್ಲಿ ಕೆಮ್ಮಿನ ಔಷಧಿಯ ಸೀಸೆಗಳು ತಾರೀಖು ಮುಗಿದು ವಾಪಸ್ಸು ಹೋದವು. ನನ್ನ ಮಾಲೀಕರು, ‘ಏನಮ್ಮಾ, ಊರಲ್ಲಿ ಯಾರಿಗೂ ಕೆಮ್ಮೇ ಇಲ್ವಾ?’ ಎಂದು ವ್ಯಥೆಪಟ್ಟರು. ಕಲ್ಲಿದ್ದಲಿಗೊಂದು ಏರಿಳಿತದ ಚಕ್ರವಿದ್ದರೆ ಅದರ ಬಾಲ ಹಿಡಿದುಕೊಂಡು ನಮ್ಮ ಅಂಗಡಿಗೂ ಒಂದು ಚಕ್ರವಿತ್ತು.

ಯಾರ್ಡಿನ ಕಂಪನಿ ಖರ್ಚು ಇಳಿಸಲು ಹಳಬರ ಸೇವೆಯ ಲೆಕ್ಕ ಚುಕ್ತಾ ಮಾಡಿ ಕೈಗೆ ಒಂದು ಗಂಟು ಕೊಟ್ಟಿತು. ಭಾವನನ್ನು ಅದೇ ಕ್ಯಾಬಿನ್ನಿನಲ್ಲಿ ಗುತ್ತಿಗೆಯ ಮೇಲೆ ಕಡಿಮೆ ಸಂಬಳಕ್ಕೆ ಇಟ್ಟುಕೊಂಡಿತು. ಅದೇ ವಾರ ಮೇಷ್ಟರು ಬಿ.ಪಿ. ಮಾತ್ರೆಗೆಂದು ನಮ್ಮ ಅಂಗಡಿಗೆ ಬಂದರು. ಚಿಲ್ಲರೆ ಎಣಿಸಿಕೊಳ್ಳುತ್ತಾ, ‘ನಿಮ್ಮ ಅಕ್ಕನಿಗೆ ಹೇಳಮ್ಮಾ. ಈಗ ಈ ಊರಲ್ಲಿ ಮನೆ ಕೇಳೋರೇ ಇಲ್ಲ. ಆವಾಗ ಹೇಳಿದ್ದರಲ್ಲಿ ಅರ್ಧಕ್ಕೆ ಕೊಟ್ಟುಬಿಡ್ತೀನಿ. ನನಗೂ ಮಗಳ ಹತ್ರ ಹೋಗಿ ಇದ್ದರೆ ಸಾಕಾಗಿದೆ’ ಎಂದರು.

ಅರ್ಧ ಬೆಲೆ. ಭಾವನ ಗಂಟಿಗೆ ಸರಿಯಾಗಿ ಹೊಂದುವ ಬೆಲೆ. ಅಂಗಡಿ ಮುಚ್ಚಿದವಳೇ ನಾನು ಅವರ ಮನೆಗೆ ಓಡಿದೆ.

ಭಾವ ಊಟದ ಮೇಜಿನ ಮೇಲೆ ನಾಲ್ಕು ಲೋಟ ಬೋರಲು ಹಾಕಿಕೊಂಡು ಅಕ್ಕನಿಗೆ ಪಾಠ ಮಾಡುತ್ತಿದ್ದರು. ಸೋತಮೇಲೆ ಅವರು ಸುಮ್ಮನೆ ಕೂತಿರಲಿಲ್ಲ. ಲೈಬ್ರರಿಯಲ್ಲಿ ಹಳೇ ಪೇಪರುಗಳನ್ನು ತಿರುವಿ, ಕಲ್ಲಿದ್ದಲು ಯಾವಾಗ ಏರಿತು, ಯಾವಾಗ ಇಳಿಯಿತು ಎಂದು ಓದಿಕೊಂಡಿದ್ದರು.

‘ಬಾ ಗುಳಿಗೆ, ಕೂತ್ಕೋ. ಇದು ಬೆಲೆ ಏರಿದ ಕಾಲ’ ಎಂದು ಮೊದಲ ಲೋಟ ಮುಟ್ಟಿದರು. ‘ಎಲ್ಲರೂ ಗಣಿ ತೋಡ್ತಾರೆ. ಇದು ಆ ಗಣಿಗಳೆಲ್ಲ ಮಾಲು ತೆಗೆಯೋ ಕಾಲ, ಬೆಲೆ ಬೀಳತ್ತೆ. ಇದು ಗಣಿ ಮುಚ್ಚೋ ಕಾಲ. ಕಲ್ಲಿದ್ದಲಿನ ಕಥೆ ಮುಗೀತು ಅಂತ ಪೇಪರಿನವರು ಬರೀತಾರೆ, ಬ್ಯಾಂಕಿನವರು ಸಾಲ ಕೊಡಲ್ಲ, ಯಾರೂ ಹೊಸ ಗಣಿ ಮುಟ್ಟಲ್ಲ. ಆದ್ರೆ ಕರೆಂಟು ಉರಿಸೋದು ಬಿಡ್ತಾರಾ ಜನ? ಹಾಗಾಗಿ ನಾಲ್ಕನೇ ಲೋಟ: ಕೊರತೆ. ಮತ್ತೆ ಬೆಲೆ ಏರತ್ತೆ. ಈಗ ನಾವು ಮೂರನೇ ಲೋಟದಲ್ಲಿದೀವಿ. ಹೋದ ಸಲ ನಾನು ಮೊದಲನೇ ಲೋಟದಲ್ಲಿ ಕೊಂಡು ಮೂರನೇದ್ರಲ್ಲಿ ಮಾರಿದೆ. ಕೊಳ್ಳಬೇಕಾಗಿದ್ದು ಈಗ.’

‘ಏನನ್ನ?’ ಎಂದೆ, ಗೊತ್ತಿದ್ದೂ.

‘ಷೇರು. ಗಂಟು ಪೂರ್ತಿ.’

ನಾನು ಮೇಷ್ಟರ ಮಾತು ಹೇಳಿದೆ. ಅರ್ಧ ಬೆಲೆ ಎಂದು ಒತ್ತಿ ಹೇಳಿದೆ. ಭಾವ ಮೂರನೇ ಲೋಟವನ್ನು ಎತ್ತಿ ಮತ್ತೆ ಅಲ್ಲೇ ಬೋರಲು ಹಾಕಿದರು. ‘ಮನೆ ಎಲ್ಲಿಗೂ ಓಡಿಹೋಗಲ್ಲ. ಮೂರು ವರ್ಷ ಅಲ್ಲೇ ಇರತ್ತೆ. ಆದ್ರೆ ಷೇರು ಈ ಬೆಲೆಗೆ ಇನ್ನು ಈ ಜನ್ಮದಲ್ಲಿ ಸಿಗಲ್ಲ. ನನ್ನ ಲೆಕ್ಕ ಈ ಸಲ ತಪ್ಪಲ್ಲ ಗುಳಿಗೆ.’

‘ಅಕ್ಕಾ, ನೀನು ಹೇಳೇ’ ಎಂದೆ.

ಅಕ್ಕ ಅವತ್ತು ಚೆನ್ನಾಗಿದ್ದಳು. ಅದೇ ಕೆಟ್ಟದ್ದಾಯಿತು. ಕಿಟಕಿ ತೆರೆದಿತ್ತು, ಪರದೆ ಬೆಳ್ಳಗಿತ್ತು, ಅವಳ ಉಸಿರಿನಲ್ಲಿ ಒಂದು ಸದ್ದೂ ಇರಲಿಲ್ಲ. ‘ಈಗೇನು ಇಲ್ಲೇ ಗಾಳಿ ಚೆನ್ನಾಗಿದೆಯಲ್ಲ. ಪಾಪ, ಇಷ್ಟೆಲ್ಲ ಓದ್ಕೊಂಡಿದಾರೆ. ಒಂದು ಸಲ ಅವರು ಅಂದುಕೊಂಡ ಹಾಗೆ ಆಗಿಬಿಡಲಿ ಬಿಡೇ’ ಎಂದಳು.

ಬೆಲೆ ಏರಿದಾಗ ಇಳಿಯುವುದು ಯಾರಿಗೂ ನೆನಪಿರುವುದಿಲ್ಲ ಎಂದು ಭಾವ ಮೇಜು ಬಡಿದು ಹೇಳುತ್ತಿದ್ದರು. ಗಾಳಿ ಚೆನ್ನಾಗಿರುವಾಗ ದೂಳು ನೆನಪಿರುವುದಿಲ್ಲ ಎಂದು ಅದೇ ಮೇಜಿನ ಸುತ್ತ ಕೂತ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ. ಮೂರನೇ ಲೋಟದಿಂದ ನಾಲ್ಕಕ್ಕೆ ಹೋಗುವುದೆಂದರೆ ಯಾರ್ಡು ಎದ್ದು ಕೂರುವುದು. ಯಾರ್ಡು ಎದ್ದರೆ ಯಾರ ಎದೆಯ ಮೇಲೆ ಕೂರುತ್ತದೆ ಎಂಬುದು ಆ ಲೋಟಗಳಲ್ಲಿ ಎಲ್ಲೂ ಇರಲಿಲ್ಲ.

ಭಾವ ಗಂಟನ್ನೆಲ್ಲ ಷೇರಿಗೆ ಹಾಕಿದರು. ಯಾರ್ಡಿನಲ್ಲಿ ನಕ್ಕವರೇ ನಕ್ಕವರು. ‘ತಕ್ಕಡಿಗೆ ಕಲ್ಲು ಹಾಕ್ದೆ ತೂಗೋ ಖಾಯಿಲೆ ಬಂದಿದೆ’ ಎಂದ ಕ್ಷೌರಿಕ. ಕ್ಯಾಂಟೀನಿನವನು ಟೀ ಲೋಟ ಮುಂದಿಟ್ಟು, ‘ಕೆಟ್ಟ ಮೇಲೆ ಬುದ್ಧಿ ಬರೋದು ಕೇಳಿದೀನಿ, ಇವರಿಗೆ ಕೆಟ್ಟ ಮೇಲೂ ಬರಲಿಲ್ಲವಲ್ಲ’ ಎಂದು ನನ್ನ ಹತ್ತಿರವೇ ಹೇಳಿದ. ಭಾವ ಮಾತ್ರ ‘ತಾಳಿದವನು ಬಾಳಿಯಾನು’ ಎಂದು ಎಲ್ಲರಿಗೂ ಒಂದೇ ಉತ್ತರ ಕೊಟ್ಟರು.

ಅವರು ಹೇಳಿದ್ದೆಲ್ಲ ಅಕ್ಷರಶಃ ನಿಜವಾಯಿತು.

ಎರಡು ಚಳಿಗಾಲ ಕಳೆಯಿತು. ಎಲ್ಲೋ ಕರೆಂಟಿಗೆ ಕೊರತೆಯಾಯಿತು. ಮುಚ್ಚಿದ ಗಣಿಗಳು ಒಂದೇ ಸಲಕ್ಕೆ ತೆರೆಯಲಿಲ್ಲ, ಯಂತ್ರ ತುಕ್ಕು ಹಿಡಿದಿತ್ತು, ಜನ ಚದುರಿಹೋಗಿದ್ದರು. ಒಂದು ಬೆಳಿಗ್ಗೆ ವೇಬ್ರಿಡ್ಜಿನ ಸಂದಿನ ಹುಲ್ಲಿನ ಮೇಲೆ ಲಾರಿ ಚಕ್ರ ಹರಿಯಿತು. ಆಮೇಲೆ ಇನ್ನೊಂದು, ಮತ್ತೊಂದು. ಷೇರಿನ ಬೆಲೆ ಒಂದೂವರೆಪಟ್ಟು, ಎರಡುಪಟ್ಟು ಏರಿತು. ಕ್ಷೌರಿಕ ದುಡ್ಡು ತೆಗೆದುಕೊಳ್ಳದೆ ಭಾವನ ಗಡ್ಡ ಹೆರೆದು, ‘ಮುಂದೇನು ಸಾರ್?’ ಎಂದು ಕೇಳತೊಡಗಿದ. ಹೊಗಳಿ ಅಟ್ಟಕ್ಕೇರಿಸುವುದರಲ್ಲಿ ನಮ್ಮ ಊರಿನವರು ಯಾರಿಗೂ ಕಮ್ಮಿಯಿಲ್ಲ.

ಅಕ್ಕ ನಡುಮನೆಯ ಹಗ್ಗವನ್ನು ಮತ್ತೆ ಕಟ್ಟಿದಳು. ಕಿಟಕಿಯ ಸಂದಿಗೆ ಬಟ್ಟೆ ತುರುಕಿದಳು. ಕೆಮ್ಮು ಬಂದಿದ್ದು ಹಳೇ ಕೆಮ್ಮಲ್ಲ. ಈ ಸಲದ್ದು ಬಂದರೆ ಗೋಡೆ ಹಿಡಿದು ನಿಲ್ಲಬೇಕು, ನಿಂತಮೇಲೆ ಕೂರಬೇಕು. ನಾನು ಅಂಗಡಿಯಿಂದ ಇನ್ಹೇಲರ್ ತಂದುಕೊಡುತ್ತಿದ್ದೆ. ಮೊದಲು ತಿಂಗಳಿಗೊಂದು ಸಾಕಾಗುತ್ತಿತ್ತು. ಬರಬರುತ್ತಾ ಡಾಕ್ಟರು ಎಕ್ಸ್‌ರೇ ಹಿಡಿದು ಬೆಳಕಿಗೆ ನೋಡಿ, ‘ಔಷಧಿ ನಾನು ಎಷ್ಟು ಬೇಕಾದ್ರೂ ಬರೀತೀನಿ. ಮೊದಲು ಮನೆ ಬದಲಾಯಿಸಿ’ ಎಂದರು.

ಅವತ್ತು ನಾನು ಭಾವನ ಕ್ಯಾಬಿನ್ನಿಗೇ ಹೋಗಿ ಜಗಳ ತೆಗೆದೆ. ‘ಎರಡುಪಟ್ಟು ಆಗಿದೆಯಲ್ಲ, ಮಾರಿ. ಇವತ್ತೇ ಮಾರಿ.’

‘ಮಾರ್ತೀನಿ. ಆದ್ರೆ ಮೇಷ್ಟರು ಈಗ ಮನೆಗೂ ಎರಡುಪಟ್ಟು ಹೇಳ್ತಿದಾರೆ. ಯಾರ್ಡಿಗೆ ಬಂದಿರೋ ಹೊಸ ಆಫೀಸರುಗಳೆಲ್ಲ ಗುಡ್ಡದಾಚೆನೇ ಮನೆ ಹುಡುಕ್ತಿದಾರೆ.’ ಅವರು ಮುಖ ನನ್ನ ಕಡೆ ತಿರುಗಿಸಲಿಲ್ಲ, ಕೆಂಪು ಅಂಕಿಗಳನ್ನೇ ನೋಡುತ್ತಿದ್ದರು. ‘ಈಗ ಮಾರಿದ್ರೆ ಎರಡೂ ಸಮ ಸಮ ಆಗತ್ತೆ, ಕೈಯಲ್ಲಿ ಏನೂ ಉಳಿಯಲ್ಲ. ಅವಳ ಔಷಧಿಗೂ ಉಳಿಯಬೇಡವಾ? ಸಾಲು ಕ್ಷೌರಿಕನ ತಿರುವಿಗೆ ಬರಲಿ. ಹೋದ ಸಲ ತುದಿ ಇದ್ದದ್ದು ಅಲ್ಲೇ. ಅಲ್ಲಿಗೆ ಬಂದ ದಿನ ಮಾರಿಬಿಡ್ತೀನಿ, ಒಂದು ದಿನ ಕಾಯಲ್ಲ.’

‘ಒಬ್ಬರೇ ತಕ್ಕಡಿ ಹಿಡ್ಕೊಂಡು ಒಬ್ಬರೇ ತೂಗ್ತಾ ಕೂತ್ಕೊಳ್ಳಿ’ ಎಂದು ಬಾಗಿಲು ದಡಾರನೆ ಹಾಕಿ ಬಂದೆ.

ತಾಳಿದವನು ಬಾಳಿಯಾನು ಎಂದರಲ್ಲ, ತಾಳಿದ್ದು ಯಾರು? ಷೇರು ಹಿಡಿದುಕೊಂಡು ಕೂತದ್ದು ಅವರು. ತಾಳಿಕೊಂಡದ್ದು ನನ್ನ ಅಕ್ಕ.

ಆಮೇಲಿನದ್ದನ್ನು ನೆನೆಸಿಕೊಳ್ಳುವುದೇ ಕಷ್ಟ. ಆ ತಿರುವು ಅಕ್ಕನಿಗೂ ಒಂದು ಗುರಿಯಾಗಿಬಿಟ್ಟಿತು. ಸಾಲು ಅಲ್ಲಿಗೆ ಬಂದರೆ ತಾನು ಗುಡ್ಡದಾಚೆ ಹೋಗಬಹುದು. ಭಾವ ಮನೆಗೆ ಬಂದು ಚಪ್ಪಲಿ ಬಿಡುವುದೇ ತಡ, ಅವಳು ಮಂಚದಿಂದಲೇ, ‘ಸಾಲು ಎಲ್ಲಿಗೆ ಬಂತು ರೀ?’ ಎಂದು ಕೇಳುತ್ತಿದ್ದಳು.

‘ಸೈಕಲ್ ಅಂಗಡಿ.’

‘ಅಯ್ಯೋ, ನಿನ್ನೇನೂ ಅಲ್ಲೇ ಇತ್ತಲ್ಲ.’

ಲಾರಿ ಹೆಚ್ಚಾದಷ್ಟೂ ದೂಳು ಹೆಚ್ಚು, ದೂಳು ಹೆಚ್ಚಾದಷ್ಟೂ ಉಸಿರು ಕಡಿಮೆ. ಆದರೂ ಲಾರಿ ಹೆಚ್ಚಾಗಲಿ ಎಂದು ಅವಳು ಕಾಯುತ್ತಿದ್ದಳು. ಸಾಲು ಸ್ವಲ್ಪ ಸರಿದರೆ ಬೇಸರ ಮಾಡಿಕೊಳ್ಳುತ್ತಿದ್ದಳು. ನಾನು ಅಂಗಡಿಗೆ ಹೋಗುವ ದಾರಿಯಲ್ಲಿ ಸಾಲಿನ ಕೊನೆಯ ಲಾರಿ ನೋಡಿ ಶಾಪ ಹಾಕುತ್ತಿದ್ದೆ. ಸಂಜೆ ಅಕ್ಕನ ಮುಖ ನೆನೆದು, ಇನ್ನೆರಡು ಲಾರಿ ಬರಬಾರದೇ ಎಂದು ನಾನೂ ಹಂಬಲಿಸುತ್ತಿದ್ದೆ.

ಒಂದು ದಿನ ಕೊನೆಯ ಲಾರಿ ಕ್ಷೌರಿಕನ ಅಂಗಡಿಯ ಮುಂದೆ ಬಂದು ನಿಂತಿತು. ಕನ್ನಡಿಯೆಲ್ಲ ಕತ್ತಲಾಯಿತೆಂದು ಕ್ಷೌರಿಕ ಡ್ರೈವರನ ಜೊತೆ ಕೂಗಾಡುತ್ತಿದ್ದ. ಭಾವ ಕೊಟ್ಟ ಮಾತಿನಂತೆ ಅವತ್ತೇ ಎಲ್ಲವನ್ನೂ ಮಾರಿದರು. ಯಾರು ಎಷ್ಟು ಹೇಳಿದರೂ ಕೇಳಲಿಲ್ಲ. ‘ಇನ್ನೂ ಏರತ್ತೆ ಸಾರ್, ಹುಚ್ಚಾ ನಿಮಗೆ?’ ಎಂದು ಕ್ಷೌರಿಕ ಕತ್ತರಿ ಹಿಡಿದುಕೊಂಡೇ ಹಿಂದೆ ಬಂದನಂತೆ. ಒಂದೆರಡು ವಾರ ಏರಿತು ಕೂಡ. ಆಮೇಲೆ ಬಿತ್ತು ನೋಡಿ, ಅಟ್ಟದಿಂದ ಬಿದ್ದ ಬಿಂದಿಗೆಯ ಹಾಗೆ. ನಕ್ಕವರೆಲ್ಲ ಈ ಸಲ ಬೆಲೆ ನೆತ್ತಿಗೇರಿದಾಗ ಕೊಂಡಿದ್ದರು, ಎಲ್ಲರೂ ಮುಳುಗಿದರು. ಭಾವ ಒಬ್ಬರೇ ಒಣಬಟ್ಟೆಯಲ್ಲಿ ದಡದ ಮೇಲಿದ್ದರು.

ಬಂದ ದುಡ್ಡಿನಲ್ಲಿ ಮುಕ್ಕಾಲು ಪಾಲು ಮೇಷ್ಟರ ಮನೆಗೇ ಹೋಯಿತು. ಕಲ್ಲಿದ್ದಲು ಏರಿದರೆ ಈ ಊರಲ್ಲಿ ಏರದೇ ಇರುವುದು ಯಾವುದು? ಉಳಿದದ್ದರಲ್ಲಿ ಅಕ್ಕನ ಆಸ್ಪತ್ರೆ ಖರ್ಚು ಕಳೆದು, ಆಕ್ಸಿಜನ್ ಯಂತ್ರ ಕೊಂಡರು. ಯಂತ್ರ ಹಾಸಿಗೆಯ ಪಕ್ಕದಲ್ಲಿ ಗುಯ್ಯೆನ್ನುತ್ತಿರುತ್ತದೆ. ಅದರ ಕೊಳವೆ ಜಗಲಿಯವರೆಗೆ, ಎಳೆದರೆ ಹಿತ್ತಲಿನ ಬಾಗಿಲವರೆಗೆ ಬರುತ್ತದೆ. ಬಾಗಿಲಿನಿಂದ ಆ ಕಲ್ಲುಕಂಬಗಳ ತಂತಿಗೆ ಇನ್ನು ಕೆಲವೇ ಹೆಜ್ಜೆ. ಅಷ್ಟು ದೂರ ಕೊಳವೆ ಬರುವುದಿಲ್ಲ. ಬಂದರೂ ತೋಳೆತ್ತಿ ಬಟ್ಟೆ ಹಾಕುವಷ್ಟು ಉಸಿರು ಅವಳಲ್ಲಿಲ್ಲ. ‘ಸ್ವಲ್ಪ ಮುಂಚೆ ಬಂದಿದ್ರೆ ಎದೆ ಇಷ್ಟು ಹಾಳಾಗ್ತಿರಲಿಲ್ಲ’ ಎಂದರು ಡಾಕ್ಟರು. ಎಷ್ಟು ಮುಂಚೆ ಎಂದು ನಾನು ಕೇಳಲಿಲ್ಲ. ಭಾವ ಪಕ್ಕದಲ್ಲೇ ನಿಂತಿದ್ದರು.

ಮೊನ್ನೆ ಭಾನುವಾರ ನಾನು ಅಲ್ಲಿಗೆ ಹೋಗಿದ್ದೆ. ಯಾರ್ಡು ಮತ್ತೆ ಮಲಗಿದೆ. ದಾರಿಯಲ್ಲಿ ಹಳೇ ಬಾಡಿಗೆ ಮನೆಯನ್ನು ನೋಡಿದೆ, ಈಗಿರುವವರು ಕಿಟಕಿಯೆಲ್ಲ ತೆರೆದು ಹೊರಗೆ ಬಟ್ಟೆ ಹರವಿದ್ದರು. ಗುಡ್ಡ ಹತ್ತಿ ಇಳಿದು ಹೋಗುವಷ್ಟರಲ್ಲಿ ಕ್ಷೌರಿಕ ನನಗಿಂತ ಮುಂಚೆ ಬಂದು ಜಗಲಿಯಲ್ಲಿ ಕೂತಿದ್ದ. ಉಳಿದ ಚೂರುಪಾರು ದುಡ್ಡನ್ನು ಈಗ ಹಾಕಬಹುದೇ ಎಂದು ಕೇಳಲು ಬಂದಿದ್ದ.

‘ಮೂರನೇ ಲೋಟ ಅಲ್ವಾ ಸಾರ್ ಈಗ? ನೀವು ಹೂಂ ಅಂದ್ರೆ ಸಾಕು, ಕಣ್ಣುಮುಚ್ಚಿ ಹಾಕ್ತೀನಿ. ಈ ಊರಲ್ಲಿ ಗೆದ್ದೋರು ಅಂದ್ರೆ ನೀವೊಬ್ಬರೇ.’

ಭಾವ ಬಕೆಟ್ಟಿನಲ್ಲಿ ಹಾಸಿಗೆ ಬಟ್ಟೆ ಹಿಂಡುತ್ತಿದ್ದರು. ಹಿಂಡುತ್ತಲೇ, ‘ನಾನು ಎಷ್ಟು ವರ್ಷ ಲಾರಿ ತೂಗಿದೆ ಗೊತ್ತಾ ನಿನಗೆ? ಖಾಲಿ ತೂಕ ಕಳೆಯದೆ ಒಂದೇ ಒಂದು ಲಾರಿಯನ್ನೂ ಗೇಟಿನಾಚೆ ಬಿಟ್ಟೋನಲ್ಲ. ನನ್ನ ಸ್ವಂತ ಲಾರಿ ಬಂದಾಗ ಮಾತ್ರ ತುಂಬಿದ್ದನ್ನ ತೂಗಿ ಖುಷಿಪಟ್ಟೆ. ಕಳೀಬೇಕಾಗಿದ್ದನ್ನ ಕಳೀಲಿಲ್ಲ. ನನ್ನನ್ನ ಕೇಳ್ಬೇಡಪ್ಪ’ ಎಂದರು.

ಕ್ಷೌರಿಕನಿಗೆ ಏನೂ ತಿಳಿಯಲಿಲ್ಲ. ದೊಡ್ಡವರು ಗುಟ್ಟು ಬಿಟ್ಟುಕೊಡುವುದಿಲ್ಲ ಎಂದುಕೊಂಡಿರಬೇಕು, ಒಂದು ನಮಸ್ಕಾರ ಹಾಕಿ ಹೋದ.

ನಾನು ಅಕ್ಕನ ಕುರ್ಚಿಯನ್ನು ಹಿತ್ತಲ ಬಾಗಿಲಿಗೆ ಸರಿಸಿ, ಕೊಳವೆ ಸಿಕ್ಕಾಗದಂತೆ ಬಿಡಿಸಿ ಕೂರಿಸಿದೆ. ಭಾವ ಬಿಳೀ ಹಾಸಿಗೆ ಬಟ್ಟೆಯನ್ನು ತಂತಿಯ ಮೇಲೆ ಹಾಕಿ ಎಳೆದರು. ಇಷ್ಟು ದಿನವಾದರೂ ಅವರ ಕೈಗೆ ಅದು ಬಂದಿಲ್ಲ. ಒಂದು ಕಡೆ ನೆಲ ಮುಟ್ಟಿದರೆ ಇನ್ನೊಂದು ಕಡೆ ಮೊಳ ಮೇಲೆ.

‘ಈ ಕಡೆ ಎಳೀರಿ’ ಎಂದಳು ಅಕ್ಕ. ಸ್ವಲ್ಪ ಉಸಿರು ತೆಗೆದುಕೊಂಡು, ‘ಇನ್ನೂ ಸ್ವಲ್ಪ. ತಕ್ಕಡಿ ಅಂತ ಹೆಸರು, ಎರಡು ಕಡೆ ಸಮ ಮಾಡೋಕೆ ಬರಲ್ಲ’ ಎಂದು ನಕ್ಕಳು. ನಗು ಕೆಮ್ಮಾಗುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ನಾನು ಬೆನ್ನು ನೀವಿದೆ. ಕೆಮ್ಮು ನಿಂತಮೇಲೆ ಅವಳು ಆ ಬಟ್ಟೆಯನ್ನೇ ನೋಡುತ್ತಾ, ‘ಎಷ್ಟು ಬೆಳ್ಳಗಿದೆ ನೋಡೇ. ನನ್ನ ಕೈಯಾರೆ ಒಂದು ಸಲ ಹಾಕ್ಬೇಕು ಅಂತಿತ್ತು’ ಎಂದಳು. ದೂರಿ ಹೇಳಿದ್ದಲ್ಲ, ಸುಮ್ಮನೆ ಹೇಳಿದ್ದು. ದೂರಿದ್ದರೆ ಭಾವ ತಡೆದುಕೊಳ್ಳುತ್ತಿದ್ದರೇನೋ.

ಅವರು ಬಟ್ಟೆಯ ಆ ಕಡೆ ಹೋದರು. ಅಂಚು ಸರಿಮಾಡಲು ಹೋದರೆಂದುಕೊಂಡೆ. ಎಷ್ಟು ಹೊತ್ತಾದರೂ ಈ ಕಡೆ ಬರಲಿಲ್ಲ. ಬಟ್ಟೆಯ ಕೆಳಗೆ ಅವರ ಎರಡು ಪಾದಗಳು ಮಾತ್ರ ಕಾಣುತ್ತಿದ್ದವು, ನೀರು ತೊಟ್ಟಿಕ್ಕಿ ತೊಯ್ದಿದ್ದವು, ಅಲ್ಲಾಡುತ್ತಿರಲಿಲ್ಲ. ನನಗೆ ಅಷ್ಟು ವರ್ಷ ಹೊತ್ತುಕೊಂಡಿದ್ದ ಸಿಟ್ಟನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ.

ಅಕ್ಕ ಕೊಳವೆಯನ್ನು ಮೂಗಿಗೆ ಸರಿಮಾಡಿಕೊಂಡು, ಮಾತಿಗೆ ಬೇಕಾದಷ್ಟು ಉಸಿರನ್ನು ಒಟ್ಟುಮಾಡಿಕೊಂಡು ಕರೆದಳು.

‘ಸಾಕು ಬನ್ನಿ ರೀ. ಇನ್ನು ಅದು ತಾನಾಗೇ ಒಣಗತ್ತೆ.’